ಕ್ರೀಡಾಂಗಣದಲ್ಲಿ ವಾಕ್ಪಾರುಷ್ಯ

ಭಾರತದ ಪ್ರಾಚೀನ ಧರ್ಮಶಾಸ್ತ್ರಕಾರರು, ರಾಜನು ವಿಚಾರಿಸಿ ತೀರ್ಪು ಹೇಳತಕ್ಕ ವಿವಾದಗಳನ್ನು ಹದಿನೆಂಟು ವ್ಯವಹಾರಪದಗಳನ್ನಾಗಿ ವಿಂಗಡಿಸಿದರು. ಸಾಲ, ನಿಕ್ಷೇಪ, ಎಲ್ಲೆಕಟ್ಟಿನ ವ್ಯಾಜ್ಯ, ಕಳವು ಇವುಗಳ ಸಾಲಿನಲ್ಲಿಯೇ ವಾಕ್ಪಾರುಷ್ಯವೂ ಒಂದು. ಕೈಯಿಂದ ಹೊಡೆದರೆ ದಂಡಪಾರುಷ್ಯ; ನಾಲಗೆಯಿಂದ ಹೊಡೆದರೆ ವಾಕ್ಪಾರುಷ್ಯ. ನಾರದನು ಇದನ್ನು ನಿಷ್ಠುರ, ಅಶ್ಲೀಲ, ತೀವ್ರ ಎಂದು ಮೂರು ಬಗೆಯಾಗಿ ಹೇಳಿ, ಒಬ್ಬನ ದೇಶ, ಜಾತಿ, ಕುಲಗಳನ್ನೆತ್ತಿ ಬೈಯುವುದನ್ನೂ ಇದರಲ್ಲಿಯೇ ಸೇರಿಸಿದನು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ, ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದೊಳಗೆ, ಈ ವಿಷಯಕ್ಕೆ ಪ್ರತ್ಯೇಕವಾಗಿ ಒಂದು ಅಧ್ಯಾಯವುಂಟು. ಒಕ್ಕಣ್ಣನನ್ನು ಒಕ್ಕಣ್ಣನೆಂದು ಹಂಗಿಸಿದವನಿಗೆ ಮೂರು ಪಣ ದಂಡ. ಇಲ್ಲದ ಊನವನ್ನು ಆರೋಪಿಸಿ ಹಂಗಿಸಿದವನಿಗೆ ಆರು ಪಣ. ಆ ಒಕ್ಕಣ್ಣನ ಕಣ್ಣುಗಳು ಬಹು ಸೊಗಸೆಂದು ಹೊಗಳುವ ಸೋಗಿನಲ್ಲಿ ಚುಚ್ಚಿದವನಿಗೆ ಹನ್ನೆರಡು ಪಣ. ಹೊಲಸು ಶಬ್ದವೊಂದೂ ಇಲ್ಲದ ಸ್ತುತಿನಿಂದೆಗೆ ಮೂರರಲ್ಲಿ ಹೆಚ್ಚಿನ ದಂಡವನ್ನು ವಿಧಿಸಿದ ಆ ಮಹಾಶಯನು ಮನುಷ್ಯನ ನಾಲಗೆಯನ್ನು ಚೆನ್ನಾಗಿ ಬಲ್ಲವನೇ ಸರಿ. ಪ್ರಮಾದದಿಂದಲೋ ಮದದಿಂದಲೋ ಆಡಿದ ಮಾತಾದರೆ ದಂಡವು ಅರ್ಧವೆಂದೂ ಅವನೇ ಹೇಳಿದ್ದಾನೆ.

ಆದರೆ ಆ ಕಾಲದ ಧರ್ಮಸ್ಥನಿಗೆ ಒಂದು ಸೌಕರ್ಯವಿದ್ದಿತು. ವಾದಿಯು ಬಂದು ದೂರು ಹೇಳುವನು, ಪ್ರತಿವಾದಿಯು ಉತ್ತರ ಕೊಡುವನು, ಸಾಕ್ಷಿಗಳು ನುಡಿಯುವರು. ಧರ್ಮಸ್ಥನು ನಿಧಾನವಾಗಿ ತೂಗಿ ತೀರ್ಪು ಕೊಡುವನು. ಆಟದ ಬಯಲಿನಲ್ಲಿ ನಿಂತ ಮಧ್ಯಸ್ಥನಿಗೆ, ಅವನು ಕ್ರಿಕೆಟ್ಟಿನ ಅಂಪೈರಾಗಲಿ ಕಾಲ್ಚೆಂಡಾಟದ ರೆಫರಿಯಾಗಲಿ, ಅಂತಹ ಕಾಲಾವಕಾಶವಿಲ್ಲ. ಚೆಂಡು ಗೆರೆಯನ್ನು ದಾಟಿತೇ, ಕಾಲಿಗೆ ತಗುಲಿತೇ ಎಂಬುದನ್ನು ಕ್ಷಣಾರ್ಧದಲ್ಲಿ ಹೇಳುವುದು ಅವನ ಕೆಲಸ. ಅವನ ಅಧಿಕಾರವೆಲ್ಲವೂ ಕಣ್ಣಿನ ಮೇಲೆ ನಿಂತದ್ದು. ವಾಕ್ಪಾರುಷ್ಯವಾದರೋ ಕಿವಿಯ ವಿಷಯ. ಅದು ಮೊದಲು ಕೇಳಿಸಬೇಕು, ಕೇಳಿಸಿದ್ದು ಅರ್ಥವಾಗಬೇಕು, ಅರ್ಥವಾದದ್ದು ಇತರರ ಮುಂದೆ ಸಿದ್ಧವಾಗಬೇಕು. ಈ ಮೂರು ತೊಡಕುಗಳನ್ನು ಬಿಡಿಸಿಕೊಳ್ಳಲು ಆಟದ ಮಧ್ಯಸ್ಥರು ಎರಡು ಶತಮಾನಗಳಿಗೂ ಮೀರಿ ಪಟ್ಟ ಪಾಡು ಅಲ್ಪವಾದುದಲ್ಲ.

೧

ಕ್ರಿಕೆಟ್ಟಿನ ನಿಬಂಧನೆಗಳು ಮೊದಲು ಬರಹಕ್ಕೆ ಬಂದದ್ದು ೧೭೪೪ರಲ್ಲಿ, ಇಂಗ್ಲೆಂಡಿನಲ್ಲಿ. ಅಂಪೈರು ತನ್ನ ಕಡೆಯ ವಿಕೆಟ್ಟಿಗೆ ಸಂಬಂಧಿಸಿದ ವಿಷಯಗಳಲ್ಲಿ ತಾನೊಬ್ಬನೇ ನಿರ್ಣಾಯಕನೆಂದೂ, ಅವನು ಹೇಳಿದ್ದೇ ಕಡೆಯ ಮಾತೆಂದೂ ಅವುಗಳಲ್ಲಿ ಬರೆಯಲ್ಪಟ್ಟಿತು. ಅದರ ಜೊತೆಗೆ, ಆಟಗಾರರಲ್ಲಿ ಯಾರಾದರೊಬ್ಬರು ಕೇಳಿದ ಹೊರತು ಅವನು ಯಾರನ್ನೂ ಔಟೆಂದು ಹೇಳಕೂಡದೆಂದೂ ವಿಧಿಸಲ್ಪಟ್ಟಿತು. ಕೇಳಿದರೆ ಮಾತ್ರ ನುಡಿಯತಕ್ಕವನು ಅಂಪೈರು ಎಂಬ ಸಂಪ್ರದಾಯಕ್ಕೆ ಇದೇ ಮೂಲ. ಔಟಿನ ವಿಷಯದಲ್ಲಿ ಇದು ಉತ್ತಮವಾದ ಸಂಪ್ರದಾಯವೇ. ಆದರೆ ಹೊಲಸು ಮಾತನ್ನು ಆಡಿದವನು ಅದು ಹೊಲಸೇ ಎಂದು ಅಂಪೈರನ್ನು ಕೇಳುವುದಿಲ್ಲ. ಕೇಳಿಸಿಕೊಂಡವನು ಅನೇಕ ವೇಳೆ ಹೆಮ್ಮೆಯಿಂದ ಬಾಯಿ ಬಿಡುವುದಿಲ್ಲ. ಆದ ಕಾರಣ ಯಾರೂ ಕೇಳದ ಪ್ರಶ್ನೆಗೆ ಉತ್ತರವೂ ಇಲ್ಲದೆ ಹೋಯಿತು.

ಲಂಡನ್ನಿನ ಮೇರಿಲೆಬೋನ್ ಕ್ರಿಕೆಟ್ ಕ್ಲಬ್ಬು ೧೭೮೭ರಲ್ಲಿ ಸ್ಥಾಪಿತವಾಗಿ, ಮರುವರ್ಷ ತನ್ನದೇ ಸಂಹಿತೆಯನ್ನು ಹೊರಡಿಸಿತು. ಅಂದಿನಿಂದ ನಿಬಂಧನೆಗಳನ್ನು ತಿದ್ದುವ ಹೊಣೆ ಆ ಕ್ಲಬ್ಬಿನದಾಯಿತು. ತಿದ್ದುಪಡಿಗಳು ಎಷ್ಟೋ ಆದವು. ಆದರೆ ನಾಲಗೆಯ ತಪ್ಪಿಗಾಗಿ ಆಟದ ಅಂಕದಿಂದ ಓಟಗಳನ್ನು ದಂಡವಾಗಿ ಕೊಡಿಸುವ ಇಲ್ಲವೆ ಆಟಗಾರನನ್ನು ಹೊರಗೆ ಕಳುಹಿಸುವ ಅಧಿಕಾರವು ಅಂಪೈರಿಗೆ ಬರಲಿಲ್ಲ. ೧೯೮೦ರ ಸಂಹಿತೆಯು ಈ ವಿಷಯವನ್ನು ಸ್ಪಷ್ಟವಾಗಿಯೇ ಎತ್ತಿಕೊಂಡಿತು. ಆಟಗಾರನು ಅಂಪೈರಿನ ತೀರ್ಪನ್ನು ಹಳಿದರೂ, ಆಟಕ್ಕೆ ಅಪಕೀರ್ತಿ ತರುವಂತೆ ನಡೆದರೂ, ಅಂಪೈರು ಮೊದಲು ತನ್ನ ಸಹ-ಅಂಪೈರಿಗೂ ಆ ಆಟಗಾರನ ನಾಯಕನಿಗೂ ತಿಳಿಸಿ, ಕ್ರಮ ಕೈಗೊಳ್ಳಬೇಕೆಂದು ನಾಯಕನನ್ನು ಕೇಳಿಕೊಳ್ಳಬೇಕು. ನಾಯಕನಿಂದ ಏನೂ ಆಗದಿದ್ದರೆ ಆ ತಂಡದ ಮೇಲಧಿಕಾರಿಗಳಿಗೆ ವರದಿ ಬರೆಯಬೇಕು. ವರದಿಯು ತಲಪುವ ಹೊತ್ತಿಗೆ ಆಟವು ಮುಗಿದಿರುತ್ತದೆ, ಬೈಯಿಸಿಕೊಂಡ ದಾಂಡಿಗನು ಔಟಾಗಿ ಮನೆಗೆ ಹೋಗಿರುತ್ತಾನೆ.

ಮಗನ ತಪ್ಪನ್ನು ತಂದೆಯ ಮುಂದಿಟ್ಟು ಹಿಂತಿರುಗುವ ನೆರೆಮನೆಯವನ ಸ್ಥಿತಿ ಅಂದಿನ ಅಂಪೈರಿನದು. ತಂದೆಯು ಧರ್ಮಬುದ್ಧಿಯುಳ್ಳವನಾದರೆ ಇದಕ್ಕಿಂತ ಮೇಲಾದ ನ್ಯಾಯವಿಲ್ಲ. ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೊಡನೆ ನಡೆದ ಸುವರ್ಣಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ, ಅಂಪೈರು ಔಟೆಂದು ಬೆರಳೆತ್ತಿದ ಬಾಬ್ ಟೇಲರನನ್ನು ಭಾರತದ ನಾಯಕ ಗುಂಡಪ್ಪ ವಿಶ್ವನಾಥರು ಹಿಂದಕ್ಕೆ ಕರೆಸಿದರು. ಇಂಗ್ಲೆಂಡು ಆ ಪಂದ್ಯವನ್ನು ಗೆದ್ದಿತು. ಅಂತಹ ನಾಯಕನಿರುವ ಕಡೆ ಅಂಪೈರಿಗೆ ಹೊಣೆಯು ಹಗುರ. ಆದರೆ ತಂದೆಯೇ ಮಗನನ್ನು ಛೂ ಬಿಟ್ಟವನಾದರೆ ಗತಿಯೇನು? ಎದುರಾಳಿಯ ಮನಸ್ಸನ್ನು ಕೆದಕಿ ಏಕಾಗ್ರತೆಯನ್ನು ಕೆಡಿಸುವುದಕ್ಕೆ ‘ಸ್ಲೆಜಿಂಗ್’ ಎಂಬ ಹೆಸರು ೧೯೬೦ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತೆಂದು ಹೇಳುವರು. ಹೆಸರು ಹೊಸದಾದರೂ ಚಾಳಿಯು ಹಳೆಯದೇ. ಅದು ತಂಡದ ಉಪಾಯಗಳಲ್ಲಿ ಒಂದೆನಿಸಿಕೊಂಡ ಮೇಲೆ, ನಾಯಕನಿಗೆ ದೂರು ಹೇಳುವುದೆಂದರೆ ಉಪಾಯವನ್ನು ಹೂಡಿದವನಿಗೇ ಉಪಾಯದ ಮೇಲೆ ದೂರು ಹೇಳಿದಂತಾಯಿತು.

೨

ಅದೇ ಕಾಲದಲ್ಲಿ ಕಾಲ್ಚೆಂಡಾಟದ ರೆಫರಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರವಿದ್ದಿತು: ಹೊಲಸು ಮಾತನಾಡಿದವನನ್ನು ಅವನು ಒಡನೆಯೇ ಬಯಲಿನಿಂದ ಹೊರಗೆ ಕಳುಹಿಸಬಹುದು. ಆದರೆ ಅಧಿಕಾರವೊಂದೇ ಸಾಲದೆಂಬುದನ್ನು ೧೯೬೬ರ ವಿಶ್ವಕಪ್ ಪಂದ್ಯಾವಳಿಯು ತೋರಿಸಿತು. ಆ ವರ್ಷದ ಜುಲೈ ೨೩ರಂದು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಅರ್ಜೆಂಟೀನಕ್ಕೂ ಕ್ವಾರ್ಟರ್ ಫೈನಲ್ ಪಂದ್ಯ. ರೆಫರಿಯು ಜರ್ಮನಿಯ ರುಡಾಲ್ಫ್ ಕ್ರೈಟ್ಲೈನ್. ಅರ್ಜೆಂಟೀನದ ನಾಯಕ ಆಂಟೋನಿಯೋ ರಾಟೀನನು ರೆಫರಿಯ ತೀರ್ಪುಗಳನ್ನು ಮತ್ತೆ ಮತ್ತೆ ಪ್ರಶ್ನಿಸುತ್ತಿರಲು, ಪಂದ್ಯದ ಮೊದಲರ್ಧವು ಮುಗಿಯುವ ಮುನ್ನವೇ ಕ್ರೈಟ್ಲೈನನು ಅವನಿಗೆ ಹೊರನಡೆಯೆಂದು ಅಪ್ಪಣೆ ಮಾಡಿದನು. ನಾಲಗೆಯ ಹಿಂಸೆ ಎಂಬುದೇ ಆರೋಪ. ಸ್ವಾರಸ್ಯವೇನೆಂದರೆ, ಆ ಜರ್ಮನನಿಗೆ ಸ್ಪ್ಯಾನಿಷ್ ಭಾಷೆಯು ತಿಳಿಯದು. ರಾಟೀನನಿಗೆ ಜರ್ಮನ್ ತಿಳಿಯದು. ತಾನು ದುಭಾಷಿಯನ್ನು ಕರೆಸೆಂದು ಕೇಳಿದೆನೇ ಹೊರತು ಬೇರೇನೂ ಅಲ್ಲವೆಂದು ರಾಟೀನನು ಹೇಳಿದನು. ಹಲವು ನಿಮಿಷಗಳ ಕಾಲ ಅವನು ಬಯಲನ್ನು ಬಿಡಲಿಲ್ಲ. ಕಡೆಗೆ ಹತ್ತು ಮಂದಿಯೊಡನೆ ಆಡಿದ ಅರ್ಜೆಂಟೀನವು ಒಂದು ಗೋಲಿನಿಂದ ಸೋತಿತು.

ಅಂದು ರೆಫರಿಗಳ ಮೇಲ್ವಿಚಾರಣೆಯನ್ನು ವಹಿಸಿದ್ದವನು ಕೆನ್ ಆಸ್ಟನ್ ಎಂಬ ಇಂಗ್ಲಿಷರವನು. ವೃತ್ತಿಯಿಂದ ಶಾಲೆಯ ಉಪಾಧ್ಯಾಯ. ರಾಟೀನನನ್ನು ಸಮಾಧಾನಪಡಿಸಿ ಹೊರಗೆ ತರಲು ಬಯಲಿಗೆ ಇಳಿದವರಲ್ಲಿ ಅವನೂ ಒಬ್ಬ. ಪಂದ್ಯದ ತರುವಾಯ ಇನ್ನೊಂದು ವಿಚಿತ್ರವು ತಿಳಿಯಬಂದಿತು: ಇಂಗ್ಲೆಂಡಿನ ಚಾರ್ಲ್‌ಟನ್ ಸಹೋದರರಿಬ್ಬರಿಗೂ ರೆಫರಿಯು ಎಚ್ಚರಿಕೆ ಕೊಟ್ಟಿದ್ದನಂತೆ, ಅದನ್ನು ಅವರು ಪತ್ರಿಕೆಗಳಿಂದ ತಿಳಿಯಬೇಕಾಯಿತು. ಆಸ್ಟನನು ಕಾರಿನಲ್ಲಿ ಮನೆಗೆ ಹೋಗುತ್ತ, ಕೆನ್ಸಿಂಗ್ಟನ್ ಹೈ ಸ್ಟ್ರೀಟಿನ ಸಂಚಾರದೀಪಗಳ ಬಳಿ ನಿಂತಾಗ ಒಂದು ಉಪಾಯವು ಹೊಳೆಯಿತು. ಹಳದಿಯೆಂದರೆ ಎಚ್ಚರಿಕೆ, ಕೆಂಪೆಂದರೆ ನಿಲುಗಡೆ. ಇದಕ್ಕೆ ಯಾವ ಭಾಷೆಯೂ ಬೇಡ. ೧೯೭೦ರಲ್ಲಿ ಮೆಕ್ಸಿಕೋದಲ್ಲಿ ನಡೆದ ವಿಶ್ವಕಪ್ಪಿನಿಂದ ಹಳದಿ, ಕೆಂಪು ಕಾರ್ಡುಗಳು ಬಳಕೆಗೆ ಬಂದವು. ಇಂದು ಜಗತ್ತಿನ ಯಾವ ಮೂಲೆಯ ಹುಡುಗನಿಗಾದರೂ ಅವುಗಳ ಅರ್ಥವು ಗೊತ್ತು.

ಆದರೆ ಆಸ್ಟನನ ಉಪಾಯವು ಪರಿಹರಿಸಿದ್ದು ಅರ್ಧ ತೊಡಕನ್ನು ಮಾತ್ರ. ರೆಫರಿಯ ಮಾತು ಆಟಗಾರನಿಗೆ ಅರ್ಥವಾಗುವಂತಾಯಿತು. ಆಟಗಾರನ ಮಾತು ರೆಫರಿಗೆ ಅರ್ಥವಾಗುವ ಬಗೆಯೇನೂ ದೊರೆಯಲಿಲ್ಲ. ೨೦೦೬ರ ಜುಲೈ ೯ರಂದು ಬರ್ಲಿನ್ನಿನಲ್ಲಿ ಇಟಲಿಗೂ ಫ್ರಾನ್ಸಿಗೂ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇದು ಬಯಲಾಯಿತು. ಇಟಲಿಯ ಮಾರ್ಕೋ ಮಾಟೆರಾಜಿಯು ಏನನ್ನೋ ಅಂದನು. ಫ್ರಾನ್ಸಿನ ನಾಯಕ ಜಿನೆದಿನ್ ಜಿದಾನನು ತಿರುಗಿ ಬಂದು ಅವನ ಎದೆಗೆ ತಲೆಯಿಂದ ಡಿಕ್ಕಿ ಹೊಡೆದನು. ಡಿಕ್ಕಿಯನ್ನು ಸಹಾಯಕ ಅಧಿಕಾರಿಯೊಬ್ಬನು ಕಂಡು ರೆಫರಿಗೆ ತಿಳಿಸಿದನು. ಜಿದಾನನಿಗೆ ಕೆಂಪು ಕಾರ್ಡು. ಮಾತನ್ನು ಯಾವ ಅಧಿಕಾರಿಯೂ ಕೇಳಿರಲಿಲ್ಲ. ಮಾಟೆರಾಜಿಯು ಆಟದಲ್ಲಿಯೇ ಉಳಿದನು, ಅವನ ತಂಡವು ಕಪ್ಪನ್ನು ಗೆದ್ದಿತು. ಅನಂತರ ವಿಚಾರಣೆಯಾಗಿ ಜಿದಾನನಿಗೆ ಮೂರು ಪಂದ್ಯಗಳ ನಿಷೇಧ, ಮಾಟೆರಾಜಿಗೆ ಎರಡು ಪಂದ್ಯಗಳ ನಿಷೇಧ, ಇಬ್ಬರಿಗೂ ಜುಲ್ಮಾನೆ ಎಂದಾಯಿತು. ಎಂದರೆ ಶಾಂತವಾಗಿ ಕುಳಿತು ತೂಗಿದವರ ಲೆಕ್ಕದಲ್ಲಿ ವಾಕ್ಪಾರುಷ್ಯಕ್ಕೂ ದಂಡಪಾರುಷ್ಯಕ್ಕೂ ಇದ್ದ ಅಂತರವು ಒಂದೇ ಪಂದ್ಯದಷ್ಟು. ಬಯಲಿನ ಮೇಲೆ ಆ ಅಂತರವು ಕಪ್ಪಿನಷ್ಟೇ ದೊಡ್ಡದಾಗಿತ್ತು. ಕಣ್ಣನ್ನೇ ನಂಬಿದ ನ್ಯಾಯಕ್ಕೆ ಇದು ಸಹಜವಾದ ಫಲ.

೩

ಕ್ರಿಕೆಟ್ಟಿಗೆ ಹಿಂತಿರುಗಿದರೆ, ಅಲ್ಲಿ ಹಳೆಯ ಸಂಪ್ರದಾಯವನ್ನು ಮುರಿದದ್ದು ಅಂಪೈರೇ ಬೈಗುಳದಲ್ಲಿ ಸಿಕ್ಕಿಬಿದ್ದ ಒಂದು ಪ್ರಸಂಗ. ೧೯೮೭ರ ಡಿಸೆಂಬರ್ ೮ರಂದು ಪಾಕಿಸ್ತಾನದ ಫೈಸಲಾಬಾದಿನಲ್ಲಿ, ಬೌಲರು ಓಡಿ ಬರುತ್ತಿರುವಾಗ ಇಂಗ್ಲೆಂಡಿನ ನಾಯಕ ಮೈಕ್ ಗ್ಯಾಟಿಂಗನು ಕ್ಷೇತ್ರರಕ್ಷಕನ ಸ್ಥಾನವನ್ನು ಸರಿಪಡಿಸಿದ್ದು ಅನ್ಯಾಯವೆಂದು ಅಂಪೈರು ಶಕೂರ್ ರಾಣಾ ಆಟವನ್ನು ತಡೆದನು. ಇಬ್ಬರೂ ಬೆರಳು ತೋರಿಸಿಕೊಂಡು ಹೊಲಸು ಮಾತುಗಳನ್ನು ವಿನಿಮಯ ಮಾಡಿಕೊಂಡರು. ಕ್ಷಮಾಪಣೆಯಿಲ್ಲದೆ ತಾನು ಬಯಲಿಗೆ ಇಳಿಯುವುದಿಲ್ಲವೆಂದು ರಾಣಾ ಹಟ ಹಿಡಿದುದರಿಂದ ಮರುದಿನದ ಆಟವೆಲ್ಲವೂ ನಿಂತುಹೋಯಿತು. ಗ್ಯಾಟಿಂಗನು ತನ್ನ ಮಂಡಳಿಯ ಆಜ್ಞೆಯಂತೆ ಒಂದು ಚೀಟಿಯಲ್ಲಿ ಕ್ಷಮೆಯನ್ನು ಬರೆದುಕೊಟ್ಟ ಮೇಲೆ ಪಂದ್ಯವು ಮುಂದುವರಿಯಿತು. ನಿರ್ಣಾಯಕನೇ ಕಕ್ಷಿಗಾರನಾದಾಗ ನಿರ್ಣಯಿಸತಕ್ಕವರು ಯಾರು ಎಂಬ ಪ್ರಶ್ನೆಯು ಅಂದು ಜಗತ್ತಿನ ಮುಂದೆ ನಿಂತಿತು.

ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯಾದ ಐ.ಸಿ.ಸಿ.ಯು ೧೯೯೧ರಲ್ಲಿ ನಡವಳಿಕೆಯ ಸಂಹಿತೆಯನ್ನು ಏರ್ಪಡಿಸಿ, ಅದನ್ನು ಜಾರಿಗೆ ತರಲು ಮ್ಯಾಚ್ ರೆಫರಿಯೆಂಬ ಹೊಸ ಅಧಿಕಾರಿಯನ್ನು ನೇಮಿಸಿತು. ಆ ವರ್ಷ ಭಾರತ ತಂಡವು ಆಸ್ಟ್ರೇಲಿಯಾಕ್ಕೆ ಹೋದಾಗ ಈ ಏರ್ಪಾಡು ಮೊದಲಾಯಿತು. ಈ ಪದವಿಗೆ ಹಳೆಯ ಆಟಗಾರರನ್ನೇ ಆರಿಸುವುದು ರೂಢಿ. ಕರ್ನಾಟಕದವರಾದ ಗುಂಡಪ್ಪ ವಿಶ್ವನಾಥರು ೧೯೯೯ರಿಂದ ೨೦೦೪ರ ವರೆಗೆ ಇದನ್ನು ನಿರ್ವಹಿಸಿದರು, ಜಾವಗಲ್ ಶ್ರೀನಾಥರು ೨೦೦೬ರಲ್ಲಿ ಇದಕ್ಕೆ ನೇಮಕವಾದರು. ಬಯಲಿನ ಭಾಷೆಯನ್ನು ಬಲ್ಲವರೇ ನಿರ್ಣಾಯಕರಾದದ್ದು ಒಳ್ಳೆಯದೇ. ಆದರೆ ಮ್ಯಾಚ್ ರೆಫರಿಯು ಕುಳಿತಿರುವುದು ಗೆರೆಯ ಹೊರಗೆ, ದೂರದ ಕೋಣೆಯಲ್ಲಿ. ಕೇಳಿದವನಿಗೆ ದಂಡಿಸುವ ಅಧಿಕಾರವಿಲ್ಲ, ದಂಡಿಸುವವನಿಗೆ ಕೇಳಿಸಿರುವುದಿಲ್ಲ. ಈ ಹೊಸ ತೊಡಕು ಪೂರ್ಣವಾಗಿ ಕಾಣಿಸಿದ್ದು ೨೦೦೮ರ ಜನವರಿಯ ಸಿಡ್ನಿ ಟೆಸ್ಟಿನಲ್ಲಿ. ಆಗ ಭಾರತದ ನಾಯಕರು ಬೆಂಗಳೂರಿನ ಅನಿಲ್ ಕುಂಬ್ಳೆ.

ಪಂದ್ಯದ ಮೂರನೆಯ ದಿನ ಸಚಿನ್ ತೆಂಡೂಲ್ಕರರೂ ಹರ್‌ಭಜನ್ ಸಿಂಗನೂ ಎಂಟನೆಯ ವಿಕೆಟ್ಟಿಗೆ ೧೨೯ ಓಟಗಳನ್ನು ಕೂಡಿಸಿದರು. ಅದರ ನಡುವೆ ಹರ್‌ಭಜನನು ಬೌಲರ್ ಬ್ರೆಟ್ ಲೀಯನ್ನು ಬ್ಯಾಟಿನಿಂದ ಸ್ನೇಹಭಾವದಲ್ಲಿ ತಟ್ಟಿದನು; ಆಂಡ್ರ್ಯೂ ಸೈಮಂಡ್ಸನು ಅದಕ್ಕೆ ಆಕ್ಷೇಪಿಸಿ ಮಾತು ಬೆಳೆಸಿದನು; ಹರ್‌ಭಜನನು ಉತ್ತರ ಕೊಟ್ಟನು. ಆ ಉತ್ತರದಲ್ಲಿ ಕೋತಿಯೆಂಬ ಅರ್ಥದ ಇಂಗ್ಲಿಷ್ ಶಬ್ದವಿತ್ತೆಂದು ಆಸ್ಟ್ರೇಲಿಯಾದವರ ದೂರು. ಸೈಮಂಡ್ಸನ ತಾಯಿತಂದೆಗಳಲ್ಲಿ ಒಬ್ಬರು ಕರಿಯ ಜನಾಂಗದವರಾದುದರಿಂದಲೂ, ಹಿಂದಿನ ವರ್ಷ ಭಾರತದಲ್ಲಿ ಪ್ರೇಕ್ಷಕರು ಅದೇ ಶಬ್ದದಿಂದ ಅವನನ್ನು ಹೀಯಾಳಿಸಿದ್ದುದರಿಂದಲೂ ಆರೋಪವು ಬಹಳ ಘನವಾದುದಾಯಿತು. ಹಿಂದಿಯಲ್ಲಿ ತಾಯಿಯನ್ನೆತ್ತಿ ಬೈಯುವ ಒಂದು ನುಡಿಯು ಆಸ್ಟ್ರೇಲಿಯಾದವರ ಕಿವಿಗೆ ಹಾಗೆ ಕೇಳಿಸಿತೆಂದು ಭಾರತೀಯರ ವಾದ. ಬಯಲಿನಲ್ಲಿದ್ದ ಅಂಪೈರುಗಳಾದ ಸ್ಟೀವ್ ಬಕ್ನರ್, ಮಾರ್ಕ್ ಬೆನ್ಸನ್ ಇಬ್ಬರಿಗೂ ಏನೂ ಕೇಳಿಸಿರಲಿಲ್ಲ. ಮ್ಯಾಚ್ ರೆಫರಿ ಮೈಕ್ ಪ್ರಾಕ್ಟರನು ಎರಡು ಕಡೆಯ ಹೇಳಿಕೆಗಳನ್ನು ಕೇಳಿ, ಆಸ್ಟ್ರೇಲಿಯಾದವರ ಮಾತನ್ನು ನಂಬಿ, ಹರ್‌ಭಜನನಿಗೆ ಮೂರು ಟೆಸ್ಟುಗಳ ನಿಷೇಧವನ್ನು ವಿಧಿಸಿದನು. ಪ್ರವಾಸವೇ ನಿಂತುಹೋಗುವುದೋ ಎಂಬ ಸ್ಥಿತಿಯು ಒದಗಿತು.

ಮೇಲ್ಮನವಿಯನ್ನು ನ್ಯೂಜೀಲೆಂಡಿನ ನ್ಯಾಯಾಧೀಶ ಜಾನ್ ಹಾನ್ಸೆನ್ನರು ಜನವರಿ ೨೯ರಂದು ಅಡಿಲೇಡಿನಲ್ಲಿ ವಿಚಾರಿಸಿದರು. ಜನಾಂಗನಿಂದೆಯ ಆರೋಪವು ಸಿದ್ಧವಾಗಲಿಲ್ಲವೆಂದೂ, ಅಷ್ಟು ಘನವಲ್ಲದ ಬೈಗುಳದ ದೋಷವು ಮಾತ್ರ ನಿಂತಿತೆಂದೂ ಹೇಳಿ, ನಿಷೇಧವನ್ನು ತೆಗೆದುಹಾಕಿ, ಪಂದ್ಯದ ಸಂಭಾವನೆಯ ಅರ್ಧದಷ್ಟು ಜುಲ್ಮಾನೆಯನ್ನು ವಿಧಿಸಿದರು. ಸ್ನೇಹದಿಂದ ತಟ್ಟಿದ್ದಕ್ಕೆ ಸೈಮಂಡ್ಸನು ಕೆರಳಿದ್ದನ್ನು ಅವರು ಮೆಚ್ಚಲಿಲ್ಲ. ಹರ್‌ಭಜನನ ಹಿಂದಿನ ತಪ್ಪುಗಳ ಪಟ್ಟಿಯು ತಮ್ಮ ಮುಂದೆ ಪೂರ್ಣವಾಗಿ ಬಂದಿರಲಿಲ್ಲವೆಂಬುದು ಆಮೇಲೆ ಅವರಿಗೆ ತಿಳಿಯಿತು. ಅದನ್ನು ಅವರು ಮರೆಮಾಚಲಿಲ್ಲ.

ಇದೇ ಪಂದ್ಯದಲ್ಲಿ ಇನ್ನೊಂದು ದೂರೂ ಇದ್ದಿತು. ಆಸ್ಟ್ರೇಲಿಯಾದ ಬ್ರಾಡ್ ಹಾಗನು ಕುಂಬ್ಳೆಯವರನ್ನೂ ಮಹೇಂದ್ರ ಸಿಂಗ್ ಧೋನಿಯನ್ನೂ ಜನ್ಮದೋಷವನ್ನು ಸೂಚಿಸುವ ಶಬ್ದದಿಂದ ಕರೆದನೆಂದು ಭಾರತದವರು ಆರೋಪಿಸಿದರು. ಆಸ್ಟ್ರೇಲಿಯಾದಲ್ಲಿ ಆ ಶಬ್ದವನ್ನು ಗೆಳೆಯರೂ ಒಬ್ಬರಿಗೊಬ್ಬರು ಸಲಿಗೆಯಿಂದ ಆಡಿಕೊಳ್ಳುವುದುಂಟು. ಭಾರತದಲ್ಲಿ ಅದು ಹೆತ್ತವಳಿಗೆ ತಗಲುವ ಮಾತು. ವಿಚಾರಣೆಗೆ ಮುಂಚೆಯೇ ಕುಂಬ್ಳೆಯವರು ಆ ದೂರನ್ನು ಹಿಂತೆಗೆದುಕೊಂಡರು. ಕೋಪಕ್ಕೆ ಕಾರಣವಿದ್ದಾಗ ಕೋಪವನ್ನು ಬಿಟ್ಟುಕೊಟ್ಟ ನಾಯಕನ ಈ ನಡತೆಯಿಂದ ಎರಡು ತಂಡಗಳ ನಡುವಿನ ಬಿಗುಪು ಎಷ್ಟೋ ಸಡಿಲಿತು. ಯಾವ ಸಂಹಿತೆಯೂ ಇದನ್ನು ಆಜ್ಞಾಪಿಸಿರಲಿಲ್ಲ.

೪

ಇಂತಹ ಅನುಭವಗಳು ಕೂಡಿ ಬಂದು, ಬಯಲಿನ ಅಂಪೈರಿಗೆ ದಂಡಿಸುವ ಅಧಿಕಾರವು ಕಡೆಗೆ ದೊರೆಯಿತು. ೨೦೧೭ರ ಅಕ್ಟೋಬರ್ ೧ರಂದು ಜಾರಿಗೆ ಬಂದ ಹೊಸ ಸಂಹಿತೆಯ ೪೨ನೆಯ ನಿಬಂಧನೆಯು ಆಟಗಾರರ ನಡತೆಗೇ ಮೀಸಲು. ಅದರಲ್ಲಿ ತಪ್ಪುಗಳು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಲ್ಪಟ್ಟಿವೆ. ಮೊದಲನೆಯ ಮೆಟ್ಟಿಲಿನ ಬೈಗುಳಕ್ಕೆ ತಂಡಕ್ಕೆ ಎಚ್ಚರಿಕೆ, ಆ ತಂಡದಲ್ಲಿ ಯಾರಾದರೂ ಪುನಃ ತಪ್ಪಿದರೆ ಎದುರು ತಂಡಕ್ಕೆ ಐದು ಓಟ. ಗುರುತರವಾದ ಅವಮಾನದ ಮಾತಿಗೆ ಎಚ್ಚರಿಕೆಯಿಲ್ಲದೆ ಐದು ಓಟ. ಅಂಪೈರನ್ನು ಮಾತಿನಿಂದ ಹೆದರಿಸಿದರೆ ಐದು ಓಟದೊಡನೆ ಕೆಲವು ಓವರುಗಳ ಕಾಲ ಹೊರಗೆ. ಓವರುಗಳಿಗೆ ಮಿತಿಯಿಲ್ಲದ ಪಂದ್ಯದಲ್ಲಿ ಅದು ಹತ್ತು ಓವರು, ಮಿತಿಯುಳ್ಳ ಪಂದ್ಯದಲ್ಲಿ ಐದರಲ್ಲೊಂದು ಪಾಲು. ಹೊಡೆಯುವುದಾಗಿ ಅಂಪೈರಿಗೆ ಬೆದರಿಕೆ ಹಾಕಿದರೆ, ಕೈಮಾಡಿದರೆ, ಪಂದ್ಯ ಮುಗಿಯುವ ವರೆಗೂ ಹೊರಗೆ. ನಾಯಕನು ಈ ಅಪ್ಪಣೆಗೆ ಒಪ್ಪದಿದ್ದರೆ ಪಂದ್ಯವೇ ಎದುರು ತಂಡದ ಪಾಲಾಗುವುದು. ಪ್ರತಿಯೊಂದರಲ್ಲಿಯೂ ಅಂಪೈರು ಆಟವನ್ನು ನಿಲ್ಲಿಸಿ, ಸಹ-ಅಂಪೈರಿನೊಡನೆ ಆಲೋಚಿಸಿ, ನಾಯಕನನ್ನು ಕರೆದು ತಿಳಿಸಬೇಕು. ಹಳೆಯ ಪದ್ಧತಿಯ ನಾಯಕನು ಹೀಗೆ ಹೊಸದರಲ್ಲಿಯೂ ಉಳಿದಿದ್ದಾನೆ. ಆದರೆ ಈಗ ಅವನು ನಿರ್ಣಯಿಸುವುದಿಲ್ಲ, ಹೊಣೆಯನ್ನು ಹೊರುತ್ತಾನೆ.

ಈ ನಿಬಂಧನೆಯಲ್ಲಿ ಒಂದು ಪುಟ್ಟ ಪದಪುಂಜವು ಗಮನಾರ್ಹವಾಗಿದೆ. ಅಶ್ಲೀಲ, ಅವಮಾನಕರ ಎಂಬ ವಿಶೇಷಣಗಳ ಹಿಂದೆ ‘ಆ ಸನ್ನಿವೇಶದಲ್ಲಿ’ ಎಂಬ ಮಾತನ್ನು ಸೇರಿಸಿದ್ದಾರೆ. ಇಂತಿಂತಹ ಶಬ್ದಗಳು ನಿಷಿದ್ಧವೆಂಬ ಪಟ್ಟಿಯನ್ನು ಕೊಟ್ಟಿಲ್ಲ. ಪಟ್ಟಿಯು ಇದ್ದಿದ್ದರೆ ಕೌಟಿಲ್ಯನು ಕಂಡ ಸ್ತುತಿನಿಂದೆಯು ಅದರಿಂದ ತಪ್ಪಿಸಿಕೊಳ್ಳುತ್ತಿತ್ತು. ತನ್ನ ಕ್ಯಾಚನ್ನು ತಾನೇ ಬಿಟ್ಟು ತಡಬಡಿಸಿ ಗೊಣಗಿಕೊಂಡವನ ಶಬ್ದವೂ, ಅದನ್ನೇ ಎದುರಾಳಿಯ ಮುಖಕ್ಕೆ ನೇರವಾಗಿ ಎಸೆದವನ ಶಬ್ದವೂ ಒಂದೇ ಆದರೂ ತಪ್ಪು ಒಂದೇ ಅಲ್ಲ. ಅದನ್ನು ಬೇರ್ಪಡಿಸತಕ್ಕದ್ದು ಅಂಪೈರಿನ ವಿವೇಕ.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಾಲಗೆಯ ತಪ್ಪುಗಳಿಗೆ ಐ.ಸಿ.ಸಿ.ಯ ಸಂಹಿತೆಯೇ ಮುಖ್ಯ. ೨೦೧೬ರಿಂದ ಪ್ರತಿ ತಪ್ಪಿಗೂ ದೋಷಾಂಕಗಳನ್ನು ಲೆಕ್ಕವಿಟ್ಟು, ಇಪ್ಪತ್ತನಾಲ್ಕು ತಿಂಗಳುಗಳಲ್ಲಿ ನಾಲ್ಕು ಕೂಡಿದರೆ ಆಟದಿಂದ ತಡೆಯುವ ಕ್ರಮವು ಬಂದಿತು. ಮರುವರ್ಷದ ಜುಲೈಯಲ್ಲಿ ಲಾರ್ಡ್ಸ್ ಬಯಲಿನಲ್ಲಿ ದಕ್ಷಿಣ ಆಫ್ರಿಕದ ಕಗಿಸೋ ರಬಾಡನು ಬೆನ್ ಸ್ಟೋಕ್ಸನನ್ನು ಔಟು ಮಾಡಿ ಆಡಿದ ಹೊಲಸು ಮಾತು, ಸ್ಟಂಪಿನ ಬಳಿಯ ಧ್ವನಿಗ್ರಾಹಕದಿಂದ ಎಲ್ಲರಿಗೂ ಕೇಳಿಸಿತು. ಅದಕ್ಕೆ ಒಂದೇ ದೋಷಾಂಕ. ಆದರೆ ಹಿಂದಿನ ಮೂರರೊಡನೆ ಸೇರಿ ನಾಲ್ಕಾಗಿ, ಮುಂದಿನ ಟೆಸ್ಟು ತಪ್ಪಿಹೋಯಿತು. ಸಿಡ್ನಿಯಲ್ಲಿ ಇಲ್ಲದ ಸಾಕ್ಷಿಯು ಇಲ್ಲಿ ಯಂತ್ರದ ರೂಪದಲ್ಲಿ ಒದಗಿತು. ಯಂತ್ರವು ಶಬ್ದವನ್ನು ಹಿಡಿದುಕೊಡಬಲ್ಲದು, ಸನ್ನಿವೇಶವನ್ನು ತೂಗಲಾರದು. ಅದಲ್ಲದೆ ಅದು ಸ್ಟಂಪಿನ ಸುತ್ತಣ ಮಾತನ್ನಷ್ಟೇ ಬಲ್ಲದು.

ಮೇಲ್ಕಂಡ ಚರಿತ್ರೆಯಿಂದ ಒಂದು ವಿಷಯವು ವಿಶದವಾಗುತ್ತದೆ. ಕಾರ್ಡು, ಓಟ, ದೋಷಾಂಕ, ಧ್ವನಿಗ್ರಾಹಕ ಇವೆಲ್ಲವೂ ಮಾತು ಮಿತಿ ಮೀರಿದ ತರುವಾಯದ ಸಾಧನಗಳು. ರಾಟೀನನ ಮೊದಲನೆಯ ಆಕ್ಷೇಪಕ್ಕೂ ಕಡೆಯದಕ್ಕೂ ನಡುವೆ, ಸೈಮಂಡ್ಸನ ಮೊದಲ ನುಡಿಗೂ ಹರ್‌ಭಜನನ ಉತ್ತರಕ್ಕೂ ನಡುವೆ, ಒಂದು ಅವಕಾಶವಿದ್ದಿತು. ಮಧ್ಯಸ್ಥನ ನಿಜವಾದ ಕೆಲಸವು ಆ ಅವಕಾಶದಲ್ಲಿದೆ. ಅನುಭವಿಯಾದ ಅಂಪೈರು ಓವರು ಮುಗಿದಾಗ ಇಬ್ಬರ ನಡುವೆ ನಡೆದು ಬಂದು ನಿಲ್ಲುವನು. ತಗ್ಗಿದ ದನಿಯಲ್ಲಿ ನಾಯಕನಿಗೆ ಒಂದು ಮಾತು ಹೇಳುವನು. ಆಗ ಸುಮ್ಮನಿದ್ದರೆ ಆ ಮೌನವನ್ನು ಬೈಯುವವನು ಅನುಮತಿಯೆಂದೂ, ಬೈಯಿಸಿಕೊಂಡವನು ಅನ್ಯಾಯವೆಂದೂ ತಿಳಿಯುತ್ತಾನೆ. ಮುಂದೆ ಯಾರು ಎದ್ದು ದಂಡಿಸಿದರೂ ಆ ತಿಳಿವಳಿಕೆಯು ಅಳಿಯುವುದಿಲ್ಲ.

ದೊಡ್ಡ ಬಯಲುಗಳಲ್ಲಿ ಇದಕ್ಕೆ ಯಂತ್ರಗಳುಂಟು, ಮೇಲ್ಮನವಿಯುಂಟು. ಶಾಲೆಯ ಹಿಂದಣ ಬಯಲಿನಲ್ಲಿ ಸಂಜೆಯ ಆಟಕ್ಕೆ ನಿಂತ ಉಪಾಧ್ಯಾಯನಿಗಾಗಲಿ, ಹಿರಿಯ ವಿದ್ಯಾರ್ಥಿಗಾಗಲಿ ಇವು ಯಾವುವೂ ಇಲ್ಲ. ಇರುವುದು ಕಿವಿಯೊಂದು, ಅಂತಃಕರಣವೊಂದು. ಚೊಚ್ಚಲು ಆಟಕ್ಕೆ ಬಂದ ಹುಡುಗನನ್ನು ಅವನ ಮೈಬಣ್ಣವನ್ನೋ ಕುಲವನ್ನೋ ಎತ್ತಿ ಹೀಯಾಳಿಸಿದಾಗ, ಆ ಹುಡುಗನು ಮೊದಲು ತಿರುಗಿ ನೋಡುವುದು ಅಂಪೈರಿನ ಮುಖವನ್ನು. ಲೋಕದಲ್ಲಿ ನ್ಯಾಯವೆಂಬುದು ಇದೆಯೋ ಇಲ್ಲವೋ ಎಂಬುದನ್ನು ಅವನು ಅಲ್ಲಿ ಓದಿಕೊಳ್ಳುತ್ತಾನೆ.